ಉಪ್ಪುನೀರಿನ ದಡದಲ್ಲಿ ಸಿಹಿನೀರಿನ ಹೊಣೆ

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿಯೂ ಅಲ್ಲಾಹನಿಗೆ ಮೀಸಲು. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬದವರ ಮೇಲೂ ಸಂಗಾತಿಗಳ ಮೇಲೂ ಅಲ್ಲಾಹನ ಶಾಂತಿ ಮತ್ತು ಅನುಗ್ರಹಗಳಿರಲಿ.



ಕಡಲಲ್ಲಿ ಸಂಚರಿಸುವ ಒಬ್ಬರು ಪ್ರವಾದಿ(ಸ)ರ ಬಳಿಗೆ ಬಂದು ಒಂದು ಸಮಸ್ಯೆ ಮುಂದಿಟ್ಟ ಘಟನೆ ಅಬೂದಾವೂದ್ ಮತ್ತು ತಿರ್ಮಿದಿಯ ಹದೀಸ್ ಸಂಗ್ರಹಗಳಲ್ಲಿದೆ. ಹಡಗಿನಲ್ಲಿ ಜತೆಗೊಯ್ಯುವ ಸಿಹಿನೀರು ಅಲ್ಪ, ಅದರಲ್ಲೇ ವುಝೂ ಮಾಡಿದರೆ ಕುಡಿಯಲು ಉಳಿಯುವುದಿಲ್ಲ, ಹಾಗಾದರೆ ಸಮುದ್ರದ ನೀರಿನಿಂದ ವುಝೂ ಮಾಡಬಹುದೇ ಎಂಬುದು ಅವರ ಪ್ರಶ್ನೆ. ಸಮುದ್ರದ ನೀರು ಶುದ್ಧವೆಂದು ಪ್ರವಾದಿ(ಸ) ತಿಳಿಸಿದರು. ಈ ಉತ್ತರದ ಹಿಂದಿರುವ ಕರುಣೆಯನ್ನು ನಾವು ಗಮನಿಸಬೇಕು. ನಮಾಝ್‌ಗೆ ಉಪ್ಪುನೀರು ಸಾಕು. ಗಂಟಲಿಗೆ ಮಾತ್ರ ಅದು ಸಾಲದು. ಆದ್ದರಿಂದ ಸಿಹಿನೀರನ್ನು ಬಾಯಾರಿದವರಿಗಾಗಿ ಉಳಿಸಲು ಶರೀಅತ್ ದಾರಿ ಮಾಡಿಕೊಟ್ಟಿತು.

ಅಲ್ ವಾಕಿಆ ಅಧ್ಯಾಯದಲ್ಲಿ ಅಲ್ಲಾಹನು ನಾವು ಕುಡಿಯುವ ನೀರಿನ ಬಗ್ಗೆಯೇ ನಮ್ಮನ್ನು ಪ್ರಶ್ನಿಸುತ್ತಾನೆ. ಅದನ್ನು ಮೋಡದಿಂದ ಇಳಿಸಿದವರು ನಾವಲ್ಲ, ಅವನು ಇಚ್ಛಿಸಿದ್ದರೆ ಅದು ಬಾಯಿಗಿಡಲಾಗದಷ್ಟು ಉಪ್ಪಾಗಿಬಿಡುತ್ತಿತ್ತು ಎಂದು ನೆನಪಿಸುತ್ತಾನೆ. ಮಳೆನಾಡಿನಲ್ಲಿ ಹುಟ್ಟಿದ ನಮಗೆ ಈ ನೆನಪು ಸುಲಭವಾಗಿ ನಾಟುವುದಿಲ್ಲ. ಆದರೆ ನೂರಾರು ವರ್ಷ ಆ ಉಪ್ಪಿನ ಎದುರಲ್ಲೇ ಬದುಕಿದ ಒಂದು ಊರಿದೆ. ಅದು ನಮಗೆ ಅಪರಿಚಿತವಲ್ಲ. ನಮ್ಮ ಹಾಜಿಗಳು ಇಳಿಯುವ ಊರು, ನಮ್ಮ ಎಷ್ಟೋ ಮನೆಗಳ ಮಕ್ಕಳು ದುಡಿಯುವ ಊರು ಜಿದ್ದಾ. ಆ ಊರಿಗೆ ನೀರು ಬಂದ ಚರಿತ್ರೆಯಲ್ಲಿ ನಮಗೆ ಪಾಠಗಳಿವೆ.

ತೊಟ್ಟಿಯ ನೀರಿನ ಕಾಲ

ಮೂರನೆಯ ಖಲೀಫ ಹಝ್ರತ್ ಉಸ್ಮಾನ್(ರ)ರು ಹಿಜರಿ 26ರಲ್ಲಿ ಜಿದ್ದಾವನ್ನು ಮಕ್ಕಾದ ಬಂದರನ್ನಾಗಿ ಆರಿಸಿದರು. ಹಡಗು ನಿಲ್ಲಲು ಅನುಕೂಲವಾದ ಜಾಗ ಅದು. ಆದರೆ ನೀರಿಗೆ ಅನುಕೂಲವಾದ ಜಾಗವಲ್ಲ. ಅಲ್ಲಿ ಹೊಳೆಯಿಲ್ಲ. ವರ್ಷಕ್ಕೆ ಬೀಳುವ ಮಳೆ ಸರಾಸರಿ 50-60 ಮಿ.ಮೀ. ಮಾತ್ರ. ನಮ್ಮ ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ.ಗಿಂತಲೂ ಹೆಚ್ಚು ಮಳೆ ಸುರಿಯುತ್ತದೆ. ನಮ್ಮ ಆಷಾಢದ ಒಂದು ದಿನದ ಜಡಿಮಳೆ ಅಲ್ಲಿನ ಒಂದು ವರ್ಷದ ಪಾಲು.

ಆದ್ದರಿಂದ ಜಿದ್ದಾದ ಹಳೆಯ ನಿವಾಸಿಗಳು ನೆಲದಡಿಯಲ್ಲಿ ಸಹ್ರೀಜ್ ಎಂಬ ತೊಟ್ಟಿಗಳನ್ನು ಕಟ್ಟಿ, ಅಪರೂಪಕ್ಕೆ ಬೀಳುವ ಮಳೆನೀರನ್ನು ಅವುಗಳಲ್ಲಿ ತುಂಬಿಸಿಡುತ್ತಿದ್ದರು. ತೊಟ್ಟಿಯಿದ್ದವನು ನೀರಿನ ಒಡೆಯ, ಇಲ್ಲದವನು ಗಿರಾಕಿ. ನೀರು ಹೊರುವ ಸಖ್ಖಾಗಳು ಚರ್ಮದ ಚೀಲಗಳಲ್ಲಿ ಮನೆಮನೆಗೆ ನೀರು ತಲುಪಿಸುತ್ತಿದ್ದರು. ಹಜ್ಜ್ ಕಾಲದಲ್ಲಿ ಸಾವಿರಾರು ಯಾತ್ರಿಕರು ಹಡಗಿನಿಂದಿಳಿದಾಗ ನೀರಿನ ಬೆಲೆ ಏರುತ್ತಿತ್ತು. ಅಲ್ಲಾಹನ ಅತಿಥಿಗಳಾಗಿ ಬಂದವರು ಮೊದಲು ತೆರಬೇಕಾದದ್ದು ಬಾಯಾರಿಕೆಯ ಬೆಲೆಯನ್ನು. ಕೆಟ್ಟ ನೀರಿನೊಂದಿಗೆ ಕಾಲರಾ ಕೂಡ ಬರುತ್ತಿತ್ತು. 1865ರ ಹಜ್ಜ್‌ನಲ್ಲಿ ಕಾಲರಾ ಸಾವಿರಾರು ಹಾಜಿಗಳನ್ನು ಬಲಿ ತೆಗೆದುಕೊಂಡಿತು.

ಬಾಯಾರಿಕೆ ಒಬ್ಬನ ಆದಾಯವಾದಾಗ ಇನ್ನೊಬ್ಬನ ಜೀವ ಅಪಾಯದಲ್ಲಿರುತ್ತದೆ. ಮದೀನಾದ ರೂಮಾ ಬಾವಿಯ ಚರಿತ್ರೆ ನಮಗೆಲ್ಲ ತಿಳಿದಿದೆ. ಅದರ ನೀರನ್ನು ಹಣ ಕೊಟ್ಟೇ ಪಡೆಯಬೇಕಿತ್ತು. ಹಝ್ರತ್ ಉಸ್ಮಾನ್(ರ)ರು ಅದನ್ನು ಖರೀದಿಸಿ ಎಲ್ಲರಿಗೂ ಬಿಟ್ಟುಕೊಟ್ಟರು. ಅವರ ಬಕೆಟ್ಟಿಗೂ ಬಡವನ ಬಕೆಟ್ಟಿಗೂ ಬಾವಿಯಲ್ಲಿ ಸಮಾನ ಹಕ್ಕು ಉಳಿಯಿತು. ಬಾವಿ ಕೊಂಡರೂ ಅದರ ಮೇಲೆ ತಮಗೆ ವಿಶೇಷ ಹಕ್ಕನ್ನು ಇಟ್ಟುಕೊಳ್ಳದಿದ್ದುದೇ ಆ ದಾನದ ದೊಡ್ಡತನ.

ಝುಬೈದಾರ ಕಾಲುವೆ

ಮಕ್ಕಾದ ನೀರಿನ ವಿಷಯ ಬಂದಾಗ ಇಬ್ಬರು ಮಹಿಳೆಯರನ್ನು ನಾವು ಮರೆಯುವಂತಿಲ್ಲ. ಒಬ್ಬರು ಹಾಜರಾ(ಅ). ಬರಡು ಕಣಿವೆಯಲ್ಲಿ ಅಲ್ಲಾಹನ ಮೇಲೆ ಭರವಸೆಯಿಟ್ಟರು, ಆದರೆ ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಸಫಾ ಮತ್ತು ಮರ್ವಾದ ನಡುವೆ ಓಡಿದರು. ತವಕ್ಕುಲ್ ಮತ್ತು ಪ್ರಯತ್ನ ಎರಡೂ ಕೂಡಿದಲ್ಲಿ ಝಮ್‌ಝಮ್ ಚಿಮ್ಮಿತು.

ಇನ್ನೊಬ್ಬರು ಖಲೀಫ ಹಾರೂನ್ ರಶೀದರ ಪತ್ನಿ ಝುಬೈದಾ. ಹಾಜಿಗಳು ನೀರಿಗಾಗಿ ಪಡುವ ಕಷ್ಟವನ್ನು ತಿಳಿದು, ಅರಫಾದ ಸಮೀಪದ ನುಅಮಾನ್ ಕಣಿವೆಯಿಂದಲೂ ಹುನೈನ್‌ನಿಂದಲೂ ಮಕ್ಕಾದ ಕಡೆಗೆ ನೀರು ತರುವ ಕಾಮಗಾರಿ ಮಾಡಿಸಿದರು. ಅಂದು ಪಂಪು ಇರಲಿಲ್ಲ. ಬೆಟ್ಟಗಳ ಬುಡದಲ್ಲಿ, ನೀರು ತಾನಾಗಿಯೇ ಹರಿಯುವಷ್ಟು ಮಾತ್ರ ಇಳಿಜಾರು ಕೊಟ್ಟು ಕಲ್ಲಿನ ಕಾಲುವೆ ಕಟ್ಟಬೇಕಿತ್ತು. ಇಳಿಜಾರು ಹೆಚ್ಚಾದರೆ ಕಾಲುವೆ ಕೊರೆದುಹೋಗುತ್ತದೆ, ಕಡಿಮೆಯಾದರೆ ಹೂಳು ತುಂಬುತ್ತದೆ. ಹೂಳೆತ್ತಲು ಅಲ್ಲಲ್ಲಿ ಬಾವಿಯಂತಹ ಬಾಯಿಗಳನ್ನೂ ಬಿಟ್ಟಿದ್ದರು. ಇದಕ್ಕೆ ಹದಿನೇಳು ಲಕ್ಷ ದೀನಾರ್ ಖರ್ಚಾಯಿತೆಂದು ಇತಿಹಾಸಕಾರರು ಬರೆದಿದ್ದಾರೆ. ಕೆಲಸ ಮುಗಿದು ಲೆಕ್ಕಪತ್ರ ಮುಂದಿಟ್ಟಾಗ, ಲೆಕ್ಕವನ್ನು ಲೆಕ್ಕದ ದಿನಕ್ಕೇ ಬಿಟ್ಟಿರುವುದಾಗಿ ಹೇಳಿ ಆ ಕಾಗದಗಳನ್ನು ಟೈಗ್ರಿಸ್ ನದಿಗೆ ಹಾಕಿಸಿದರೆಂಬ ವೃತ್ತಾಂತವೂ ಇದೆ. ಕೂಫಾದಿಂದ ಮಕ್ಕಾದವರೆಗಿನ ಹಜ್ಜ್ ದಾರಿಯಲ್ಲೂ ಅವರು ಬಾವಿ, ಕೊಳಗಳನ್ನು ಕಟ್ಟಿಸಿದರು. ಇಂದಿಗೂ ಆ ದಾರಿ ದರ್ಬ್ ಝುಬೈದಾ ಎಂದೇ ಪ್ರಸಿದ್ಧ.

ಝುಬೈದಾ ಹಿಜರಿ 216ರಲ್ಲಿ ನಿಧನರಾದರು. ಅವರ ಕಾಲುವೆ ಸಾವಿರಕ್ಕೂ ಹೆಚ್ಚು ವರ್ಷ ಮಕ್ಕಾಕ್ಕೆ ನೀರುಣಿಸಿತು. ಆದರೆ ತಾನಾಗಿಯೇ ಅಲ್ಲ. ನೆರೆ ಬಂದು ಒಡೆದಾಗ, ಹೂಳು ತುಂಬಿ ನಿಂತಾಗ ಯಾರಾದರೊಬ್ಬರು ಮುಂದೆ ಬಂದು ರಿಪೇರಿ ಮಾಡಿಸಿದರು. 16ನೇ ಶತಮಾನದಲ್ಲಿ ಸುಲ್ತಾನ್ ಸುಲೈಮಾನರ ಪುತ್ರಿ ಮಿಹ್ರಿಮಾಹ್ ದೊಡ್ಡ ಮೊತ್ತ ಕೊಟ್ಟು ಅದನ್ನು ಮತ್ತೆ ಹರಿಯುವಂತೆ ಮಾಡಿದರು. ಕಟ್ಟಿದವರ ಹೆಸರು ಉಳಿಯುತ್ತದೆ, ಹೂಳೆತ್ತಿದವರ ಹೆಸರು ಉಳಿಯುವುದಿಲ್ಲ. ಆದರೆ ಅಲ್ಲಾಹನ ಬಳಿ ಎರಡೂ ದಾಖಲಾಗುತ್ತವೆ. ಮಸೀದಿಗೆ ಹೊಸ ನೀರಿನ ಟ್ಯಾಂಕ್ ಕೊಡಲು ಹಲವರು ಮುಂದೆ ಬರುತ್ತಾರೆ. ಸೋರುವ ನಲ್ಲಿಗೆ ಹೊಸ ವಾಷರ್ ಹಾಕಿಸಲು ಯಾರು ಮುಂದೆ ಬರುತ್ತಾರೆ? ಅದೂ ಸದಕಾ ಎಂದು ನಾವು ತಿಳಿಯಬೇಕು.

ಕಿಂದಾಸಾದಿಂದ ಇಂದಿನ ಸ್ಥಾವರದವರೆಗೆ

ಜಿದ್ದಾಕ್ಕೂ ಹೊರಗಿನ ಬುಗ್ಗೆಗಳಿಂದ ನೀರು ತರುವ ಪ್ರಯತ್ನಗಳು ಪದೇಪದೇ ನಡೆದವು. 1880ರ ದಶಕದಲ್ಲಿ ಹಿಜಾಝಿನ ರಾಜ್ಯಪಾಲ ಉಸ್ಮಾನ್ ನೂರಿ ಪಾಶಾ ಅಂಥದೊಂದು ಕೆಲಸ ಮಾಡಿಸಿದರು. ಕಾಲಕ್ರಮದಲ್ಲಿ ಅದರ ನೀರೂ ಕಡಿಮೆಯಾಯಿತು. ಕೊನೆಗೆ ಜನ ಸಮುದ್ರದ ಕಡೆಗೇ ನೋಡಿದರು. 1907ರಲ್ಲಿ ಉಸ್ಮಾನೀ ಸರಕಾರ ಸಮುದ್ರದ ನೀರನ್ನು ಬಟ್ಟಿ ಇಳಿಸುವ ಯಂತ್ರವನ್ನು ಜಿದ್ದಾದ ದಡದಲ್ಲಿ ಸ್ಥಾಪಿಸಿತು. ಕಂಡೆನ್ಸರ್ ಎಂಬ ಪದ ಅರಬರ ಬಾಯಲ್ಲಿ ಕಿಂದಾಸಾ ಆಯಿತು.

ಕಿಂದಾಸಾದ ತತ್ವ ನಮ್ಮ ಅಡುಗೆಮನೆಯಲ್ಲೇ ಇದೆ. ಗಂಜಿ ಕುದಿಯುವ ಪಾತ್ರೆಯ ಮುಚ್ಚಳ ಎತ್ತಿದರೆ ಒಳಬದಿಯಲ್ಲಿ ನೀರಹನಿಗಳು ಕಾಣುತ್ತವೆ. ಪಾತ್ರೆಯಲ್ಲಿ ಎಷ್ಟು ಉಪ್ಪು ಹಾಕಿದ್ದರೂ ಮುಚ್ಚಳದ ಹನಿ ಸಪ್ಪೆಯೇ. ಹಾಗೆಯೇ ಕಲ್ಲಿದ್ದಲು ಉರಿಸಿ ಕಡಲ ನೀರನ್ನು ಕುದಿಸಿ, ಆವಿಯನ್ನು ತಣಿಸಿ ನೀರು ಮಾಡುವುದು. ಆದರೆ ಉಪ್ಪು ಮತ್ತು ಸುಣ್ಣ ಕೊಳವೆಗಳಲ್ಲಿ ಗಟ್ಟಿಕಟ್ಟುತ್ತಿತ್ತು. ಯಂತ್ರ ಕೆಟ್ಟರೆ, ಇಂಧನ ಮುಗಿದರೆ ಊರು ಮತ್ತೆ ಒಣಗುತ್ತಿತ್ತು. 1920ರ ದಶಕದ ಕೊನೆಯಲ್ಲಿ ರಾಜ ಅಬ್ದುಲ್ ಅಝೀಝ್ ಇನ್ನೆರಡು ಹೊಸ ಯಂತ್ರಗಳನ್ನು ತರಿಸಿದರು. 1947ರಲ್ಲಿ ಫಾತಿಮಾ ಕಣಿವೆಯ ಬುಗ್ಗೆಗಳಿಂದ ಜಿದ್ದಾಕ್ಕೆ ಕೊಳವೆಯಲ್ಲಿ ನೀರು ಬಂತು. ಅಲ್ ಐನುಲ್ ಅಝೀಝಿಯ್ಯ ಎಂಬ ಆ ನೀರನ್ನು ವಕ್ಫ್ ಮಾಡಲಾಯಿತು.

ಪೇಟೆಗೆ ನೀರು ಬಂದ ದಿನ ದೊಡ್ಡ ಸಂತೋಷದ ದಿನವೇ. ಆದರೆ ಆ ನೀರು ಅದುವರೆಗೆ ಯಾರದ್ದೋ ತೋಟಕ್ಕೆ ಹರಿಯುತ್ತಿತ್ತು ಎಂಬುದನ್ನೂ ನಾವು ನೆನೆಯಬೇಕು. ನಗರ ಬೆಳೆದಂತೆ ಫಾತಿಮಾ ಕಣಿವೆಯ ಕೃಷಿ ಸೊರಗಿತು. ಪೇಟೆಯ ದಾಹ ತಣಿಸಲು ಹಳ್ಳಿಯ ಬುಗ್ಗೆ ಬರಿದಾದರೆ ಆ ಹಳ್ಳಿಯವರ ಹಕ್ಕನ್ನು ಕೇಳುವವರು ಯಾರು? ಈ ಪ್ರಶ್ನೆ ಅರೇಬಿಯಾಕ್ಕೆ ಮಾತ್ರ ಸೀಮಿತವಲ್ಲ.

ಆ ಬಳಿಕ ತೈಲದ ಕಾಲ ಬಂತು. 1970ರಲ್ಲಿ ಜಿದ್ದಾದಲ್ಲಿ ದಿನಕ್ಕೆ ಸುಮಾರು ಒಂದೂಮುಕ್ಕಾಲು ಕೋಟಿ ಲೀಟರಿಗೂ ಮಿಕ್ಕಿ ಸಿಹಿನೀರು ಕೊಡುವ ಸ್ಥಾವರ ಆರಂಭವಾಯಿತು. 1974ರಲ್ಲಿ ಈ ಕೆಲಸಕ್ಕೆಂದೇ ಪ್ರತ್ಯೇಕ ಸರಕಾರಿ ನಿಗಮ ಸ್ಥಾಪನೆಯಾಯಿತು. ಆಗಿನ ಹುಡುಕಾಟ ಎಷ್ಟಿತ್ತೆಂದರೆ, ರಾಜ ಫೈಸಲರ ಪುತ್ರ ಮುಹಮ್ಮದ್ ಅಲ್ ಫೈಸಲ್ ಅವರು ಧ್ರುವ ಪ್ರದೇಶದ ಹಿಮಗಡ್ಡೆಯನ್ನು ಹಡಗಿನಿಂದ ಎಳೆದು ತರಬಹುದೇ ಎಂದು ಯೋಚಿಸಿದರು. ಅದರ ಬಗ್ಗೆ 1977ರಲ್ಲಿ ಅಮೆರಿಕದ ಅಯೋವಾದಲ್ಲಿ ವಿಜ್ಞಾನಿಗಳ ಸಮ್ಮೇಳನವೇ ನಡೆಯಿತು. ಹಿಮಗಡ್ಡೆ ಬರಲಿಲ್ಲ. ಆದರೆ ಕಡಲ ನೀರನ್ನು ಸಿಹಿಗೊಳಿಸುವ ಕೆಲಸ ಬೆಳೆಯಿತು. ಇಂದು ಜಗತ್ತಿನಲ್ಲಿ ಅತ್ಯಧಿಕವಾಗಿ ಹೀಗೆ ನೀರು ತಯಾರಿಸುವ ದೇಶ ಸೌದಿ ಅರೇಬಿಯಾ. ನಮ್ಮವರು ಅನೇಕರು ದುಡಿಯುವ ಜುಬೈಲ್‌ನಿಂದ ನಾನೂರು ಕಿ.ಮೀ.ಗೂ ಹೆಚ್ಚು ದೂರದ ರಿಯಾದ್‌ಗೆ ಕೊಳವೆಯಲ್ಲಿ ನೀರು ಏರುತ್ತದೆ. ಶುಐಬಾದ ಸ್ಥಾವರಗಳ ನೀರು ಮಕ್ಕಾ, ಜಿದ್ದಾ, ತಾಇಫ್‌ಗೆ ಹೋಗುತ್ತದೆ. ನಮ್ಮ ಹಾಜಿಗಳು ಮಕ್ಕಾದಲ್ಲಿ ವುಝೂ ಮಾಡುವ ನಲ್ಲಿಯ ನೀರು ಕೆಲವು ದಿನಗಳ ಹಿಂದೆ ಕೆಂಪು ಸಮುದ್ರದಲ್ಲಿದ್ದ ನೀರಾಗಿರಬಹುದು.

ಆ ನೀರಿನ ನಿಜವಾದ ಬೆಲೆ

ಸಹೋದರರೇ, ನಲ್ಲಿ ತಿರುಗಿಸಿದಾಗ ಬರುವ ಆ ನೀರು ಅಗ್ಗವೆಂದು ಕಾಣುತ್ತದೆ. ಆದರೆ ಅದು ಅಗ್ಗದ್ದಲ್ಲ. ಹೊಸ ಸ್ಥಾವರಗಳಲ್ಲಿ ಕುದಿಸುವ ಬದಲು, ಅತಿಸೂಕ್ಷ್ಮ ಪೊರೆಗಳ ಮೂಲಕ ಕಡಲ ನೀರನ್ನು ಭಾರೀ ಒತ್ತಡದಿಂದ ತಳ್ಳುತ್ತಾರೆ. ನೀರು ದಾಟುತ್ತದೆ, ಉಪ್ಪು ಹಿಂದುಳಿಯುತ್ತದೆ. ಇದರಲ್ಲಿ ಹಿಂದಿಗಿಂತ ಇಂಧನ ಕಡಿಮೆ ಸಾಕು. ಆದರೂ ಸಾವಿರ ಲೀಟರಿಗೆ ಮೂರು ನಾಲ್ಕು ಯೂನಿಟ್ ವಿದ್ಯುತ್ ಬೇಕು. ಒಳಗೆ ಸೆಳೆದ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಗಾಢ ಉಪ್ಪುನೀರಾಗಿ ಸಮುದ್ರಕ್ಕೇ ಮರಳುತ್ತದೆ. ಅದನ್ನು ಎಚ್ಚರಿಕೆಯಿಂದ ಬಿಡದಿದ್ದರೆ ದಡದ ಜೀವರಾಶಿಗೆ ತೊಂದರೆ. ಸಮುದ್ರವೇ ಮಲಿನವಾದರೆ ನೀರೂ ನಿಲ್ಲುತ್ತದೆ. 1991ರ ಕೊಲ್ಲಿ ಯುದ್ಧದಲ್ಲಿ ಸಮುದ್ರಕ್ಕೆ ಹರಿದ ತೈಲ ಜುಬೈಲ್ ಸ್ಥಾವರದ ಬಾಯಿಗೆ ಬರದಂತೆ ತಡೆಯಲು ತೇಲುವ ಬೇಲಿಗಳನ್ನು ಹಾಕಬೇಕಾಯಿತು.

ಅರೇಬಿಯಾದ ನೆಲದಾಳದಲ್ಲಿ ಇನ್ನೊಂದು ನೀರೂ ಇದೆ. ಸಾವಿರಾರು ವರ್ಷಗಳ ಹಿಂದೆ ಅಲ್ಲಿ ಮಳೆಯಾಗುತ್ತಿದ್ದ ಕಾಲದಲ್ಲಿ ಇಳಿದು ನಿಂತ ನೀರದು. ತೆಗೆದರೆ ಮತ್ತೆ ತುಂಬುವುದಿಲ್ಲ. 1980ರ ದಶಕದಲ್ಲಿ ಆ ನೀರನ್ನು ಪಂಪು ಮಾಡಿ ಮರಳುಗಾಡಿನಲ್ಲಿ ಗೋಧಿ ಬೆಳೆದರು. ವಿದೇಶಕ್ಕೆ ಮಾರುವಷ್ಟು ಬೆಳೆ ಬಂತು. 1990ರ ದಶಕದ ಆರಂಭದಲ್ಲಿ ಒಂದು ವರ್ಷದ ಇಳುವರಿ ಸುಮಾರು 40 ಲಕ್ಷ ಟನ್ನಿಗೆ ತಲುಪಿತು. ಆದರೆ ಒಂದು ಕಿಲೋ ಗೋಧಿಗೆ ಸಾವಿರ ಲೀಟರಿಗಿಂತಲೂ ಹೆಚ್ಚು ನೀರು ಬೇಕು. ಅಂತರ್ಜಲ ಕುಸಿಯುವುದನ್ನು ಕಂಡ ಸರಕಾರ 2008ರಲ್ಲಿ ಹಿಂದೆ ಸರಿಯುವ ತೀರ್ಮಾನ ಮಾಡಿತು, 2016ರ ವೇಳೆಗೆ ಸ್ಥಳೀಯ ಗೋಧಿಯ ಖರೀದಿಯನ್ನು ನಿಲ್ಲಿಸಿತು. ಸಂಪತ್ತಿದ್ದ ದೇಶಕ್ಕೂ ಆಳದ ನೀರನ್ನು ಮರಳಿ ತುಂಬಿಸಲಾಗಲಿಲ್ಲ. ನೀರು ಭೂಮಿಯ ಆಳಕ್ಕೆ ಇಳಿದುಹೋದರೆ ಅದನ್ನು ಮರಳಿ ತರುವವರು ಯಾರು ಎಂಬ ಪ್ರಶ್ನೆಯೊಂದಿಗೆ ಅಲ್ ಮುಲ್ಕ್ ಅಧ್ಯಾಯ ಮುಗಿಯುತ್ತದೆ. ರಾತ್ರಿ ಮಲಗುವ ಮೊದಲು ನಮ್ಮಲ್ಲಿ ಅನೇಕರು ಆ ಅಧ್ಯಾಯವನ್ನು ಓದುತ್ತೇವೆ. ಮನೆಯ ಹಿಂದೆ ಮತ್ತಷ್ಟು ಆಳಕ್ಕೆ ಬೋರ್‌ವೆಲ್ ಕೊರೆಸುವಾಗ ಆ ಪ್ರಶ್ನೆ ನಮ್ಮ ಕಿವಿಗೆ ಬೀಳುತ್ತದೆಯೇ?

ಬಂದ ನೀರಿನ ಜತೆಗೆ ಹೋಗುವ ನೀರಿನ ಹೊಣೆಯೂ ಇದೆ. ಜಿದ್ದಾಕ್ಕೆ ಸಿಹಿನೀರು ಧಾರಾಳವಾಗಿ ಬಂತು. ಆದರೆ ನಗರದ ಬಹುಭಾಗಕ್ಕೆ ಒಳಚರಂಡಿ ಇರಲಿಲ್ಲ. ಹೊಂಡಗಳ ಕೊಳಕು ನೀರನ್ನು ಟ್ಯಾಂಕರುಗಳು ವರ್ಷಾನುಗಟ್ಟಲೆ ಊರ ಪೂರ್ವಕ್ಕೆ ಒಯ್ದು ಸುರಿದು, ಅಲ್ಲಿ ಒಂದು ಕೆರೆಯೇ ಆಯಿತು. ಜನ ಅದನ್ನು ವ್ಯಂಗ್ಯವಾಗಿ ಕಸ್ತೂರಿ ಕೆರೆ ಎಂದು ಕರೆದರು. 2009ರ ನವೆಂಬರ್ 25ರಂದು, ಹಾಜಿಗಳು ಮಿನಾಕ್ಕೆ ಹೊರಟ ದಿನವೇ, ಕೆಲವೇ ಗಂಟೆಗಳಲ್ಲಿ ಒಂದು ವರ್ಷದ ಪಾಲಿಗಿಂತಲೂ ಹೆಚ್ಚು ಮಳೆ ಸುರಿಯಿತು. ನೀರು ಹರಿಯುವ ಕಣಿವೆಗಳಲ್ಲಿ ಮನೆ, ರಸ್ತೆಗಳು ಎದ್ದಿದ್ದವು. ನೂರಕ್ಕೂ ಹೆಚ್ಚು ಜನ ಪ್ರಾಣ ಕಳಕೊಂಡರು. ಹನಿ ನೀರಿಗಾಗಿ ಶತಮಾನಗಳ ಕಾಲ ಹಂಬಲಿಸಿದ ಊರಿನಲ್ಲಿ ಜನ ನೀರಲ್ಲೇ ಮುಳುಗಿದರು. ತೋಡು ಮುಚ್ಚಿ ಕಾಂಪೌಂಡ್ ಕಟ್ಟುವ ನಮಗೂ ಇದರಲ್ಲಿ ಎಚ್ಚರಿಕೆಯಿದೆ.

ಬಳಸಿದ ನೀರನ್ನು ಮತ್ತೆ ಬಳಸುವ ಬಗ್ಗೆ ನಮ್ಮಲ್ಲಿ ಹಲವರಿಗೆ ಸಂಕೋಚವಿದೆ. ಸೌದಿಯ ಹಿರಿಯ ವಿದ್ವಾಂಸರ ಮಂಡಳಿ 1978ರಲ್ಲೇ ಈ ವಿಷಯವನ್ನು ಚರ್ಚಿಸಿತ್ತು. ಕೊಳಕು ನೀರನ್ನು ಸಂಪೂರ್ಣವಾಗಿ ಶುದ್ಧೀಕರಿಸಿ, ಅದರ ಬಣ್ಣ, ರುಚಿ, ವಾಸನೆಗಳಲ್ಲಿ ಮಲಿನತೆಯ ಗುರುತು ಉಳಿಯದಿದ್ದರೆ ಅದು ಶುದ್ಧ ನೀರೇ ಎಂದು ತೀರ್ಪು ಕೊಟ್ಟಿತು. ಕೊಳಕು ನೀರಿಗೇ ಇಂಥ ದಾರಿಯಿರುವಾಗ, ನಮ್ಮ ಮಸೀದಿಯ ಹೌಳ್‌ನಿಂದ ಹರಿದುಹೋಗುವ ವುಝೂ ನೀರು ತೆಂಗಿನ ಬುಡಕ್ಕೆ ಹೋಗಲು ಯಾವ ಅಡ್ಡಿ?

ನಮ್ಮ ಮೇಲಿರುವ ಹೊಣೆ

ಸೌದಿಯಲ್ಲಿ ಒಬ್ಬರು ದಿನಕ್ಕೆ ಸರಾಸರಿ 263 ಲೀಟರ್ ನೀರು ಬಳಸುತ್ತಿದ್ದರು. ಅದನ್ನು 2030ರ ವೇಳೆಗೆ 150 ಲೀಟರಿಗೆ ಇಳಿಸಬೇಕೆಂದು 2019ರಲ್ಲಿ ಅಲ್ಲಿನ ಸರಕಾರ ಕತ್ರಾ ಎಂಬ ಕಾರ್ಯಕ್ರಮ ಆರಂಭಿಸಿತು. ಕತ್ರಾ ಎಂದರೆ ಹನಿ. ಪ್ರವಾದಿ(ಸ)ರ ವುಝೂಗೆ ಸಾಕಾಗುತ್ತಿದ್ದುದು ಒಂದು ಮುದ್ದ್, ಅಂದರೆ ಒಂದು ಬೊಗಸೆಯಷ್ಟು ನೀರು. ಸ್ನಾನಕ್ಕೆ ನಾಲ್ಕೈದು ಮುದ್ದ್. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದು ವರದಿಯಾಗಿದೆ. ಹರಿಯುವ ಹೊಳೆಯ ದಡದಲ್ಲಿ ಕುಳಿತರೂ ವುಝೂದಲ್ಲಿ ದುಂದು ಮಾಡಬಾರದೆಂಬ ಉಪದೇಶ ಇಬ್ನುಮಾಜದಲ್ಲಿದೆ. ನಾವೋ, ಪೂರ್ತಿ ತೆರೆದ ನಲ್ಲಿಯಡಿ ಮಾತಾಡುತ್ತಾ ವುಝೂ ಮುಗಿಸುತ್ತೇವೆ. ನೀರು ನಿಷ್ಕಾರಣವಾಗಿ ಹರಿಯುವ ಆ ಹೊತ್ತಿನಲ್ಲಿ ನಾವು ಸುನ್ನತನ್ನು ಪಾಲಿಸುತ್ತಿದ್ದೇವೆಯೇ?

ನೀರು, ಹುಲ್ಲು, ಬೆಂಕಿ ಈ ಮೂರರಲ್ಲಿ ಜನರೆಲ್ಲ ಪಾಲುದಾರರೆಂದು ಪ್ರವಾದಿ(ಸ) ಕಲಿಸಿದ್ದಾರೆ. ತನ್ನ ಅಗತ್ಯಕ್ಕೆ ಮೀರಿದ ನೀರಿದ್ದೂ ದಾರಿಹೋಕನಿಗೆ ನಿರಾಕರಿಸಿದವನತ್ತ ಅಲ್ಲಾಹನು ಅಂತ್ಯದಿನ ತಿರುಗಿಯೂ ನೋಡುವುದಿಲ್ಲವೆಂಬ ಎಚ್ಚರಿಕೆ ಬುಖಾರಿಯಲ್ಲಿದೆ. ಬಾವಿಗೆ ಹರೀಮ್ ಎಂಬ ರಕ್ಷಿತ ಸುತ್ತಳತೆಯಿದೆ, ಅದರೊಳಗೆ ಇನ್ನೊಬ್ಬ ಬಾವಿ ತೋಡಿ ಮೊದಲ ಬಾವಿಯ ನೀರನ್ನು ಎಳೆಯಬಾರದೆಂದು ನಮ್ಮ ಫಿಕ್‌ಹ್ ವಿದ್ವಾಂಸರು ಬರೆದಿಟ್ಟಿದ್ದಾರೆ. ನೆರೆಯವನ ಬಾವಿ ಬತ್ತುವಂತೆ ಬೋರ್‌ವೆಲ್ ಕೊರೆಸುವುದು ನಮ್ಮ ಜಾಗದಲ್ಲಿ ನಮ್ಮ ಹಕ್ಕೆಂದು ಹೇಳುವ ಮೊದಲು ಈ ನಿಯಮವನ್ನು ನೆನೆಯೋಣ. ಆ ನೆರೆಯವನು ಯಾವ ಧರ್ಮದವನೆಂದು ನೀರಿನ ಹಕ್ಕು ಕೇಳುವುದಿಲ್ಲ. ಬಾಯಾರಿದ ನಾಯಿಗೆ ನೀರು ಕೊಟ್ಟವನಿಗೂ ಕ್ಷಮೆ ದೊರೆತ ಧರ್ಮ ನಮ್ಮದು.

ನಮ್ಮ ಕರಾವಳಿಯಲ್ಲೂ ಬೇಸಿಗೆಯ ಕೊನೆಯ ವಾರಗಳಲ್ಲಿ ಹೊಳೆಗಳು ಸೊರಗುತ್ತವೆ. ಅಳಿವೆಯ ಸಮೀಪದ ಬಾವಿಗಳಲ್ಲಿ ಉಪ್ಪು ಏರುತ್ತದೆ. ಸಿಹಿನೀರಿನ ಒತ್ತಡ ತಗ್ಗಿದಲ್ಲಿಗೆ ಕಡಲ ನೀರು ನುಗ್ಗುತ್ತದೆ, ಒಮ್ಮೆ ನುಗ್ಗಿದರೆ ಬೇಗ ಹಿಂದೆ ಸರಿಯುವುದಿಲ್ಲ. ಮೂರೂವರೆ ಸಾವಿರ ಮಿ.ಮೀ. ಮಳೆಯನ್ನು ಕಡಲಿಗೆ ಬಿಟ್ಟು, ಮೇ ತಿಂಗಳಲ್ಲಿ ಟ್ಯಾಂಕರಿಗೆ ಫೋನ್ ಮಾಡುವುದು ಕೃತಜ್ಞತೆಯ ಲಕ್ಷಣವಲ್ಲ. 60 ಮಿ.ಮೀ. ಮಳೆಗೆ ತೊಟ್ಟಿ ಕಟ್ಟಿದ ಜಿದ್ದಾದವರ ಮುಂದೆ ನಾವು ಏನು ಉತ್ತರ ಕೊಡಬಲ್ಲೆವು?

ಆದ್ದರಿಂದ ಈ ಮಳೆಗಾಲಕ್ಕೆ ಮುನ್ನ ಕೆಲವು ಕೆಲಸಗಳನ್ನು ನಾವು ಮಾಡೋಣ. ಮನೆಯ ಮಾಡಿನ ಮತ್ತು ಮಸೀದಿಯ ತಾರಸಿಯ ನೀರನ್ನು ಸೋಸಿ ಬಾವಿಗೋ ಇಂಗುಗುಂಡಿಗೋ ಬಿಡೋಣ. ನೀರು ಬತ್ತದ ಬಾವಿ ಅಥವಾ ಬೋರ್‌ವೆಲ್ ಇರುವವರು ಕಾಂಪೌಂಡಿನ ಹೊರಗೆ ಒಂದು ನಲ್ಲಿ ಬಿಡೋಣ. ಗಲ್ಫ್‌ನಲ್ಲಿರುವ ಮಕ್ಕಳು ಮನೆ ಕಟ್ಟಲು ಹಣ ಕಳಿಸುವಾಗ, ಆ ಮನೆಯ ನಕ್ಷೆಯಲ್ಲಿ ಮಳೆನೀರಿಗೂ ಒಂದು ಜಾಗ ಇರಲಿ. ತೀರಿಹೋದ ತಂದೆತಾಯಿಗಳ ಹೆಸರಲ್ಲಿ ದಾನ ಮಾಡಬಯಸುವವರು ಸಅದ್ ಬಿನ್ ಉಬಾದ(ರ)ರನ್ನು ನೆನೆಯಲಿ. ತಾಯಿಗಾಗಿ ಯಾವ ದಾನ ಉತ್ತಮವೆಂದು ಅವರು ಕೇಳಿದಾಗ ನೀರು ಎಂಬ ಉತ್ತರ ಸಿಕ್ಕಿತು, ಅವರು ತಾಯಿಯ ಹೆಸರಲ್ಲಿ ಬಾವಿ ತೋಡಿಸಿದರು. ಹಾಳುಬಿದ್ದ ಒಂದು ಹಳೆಯ ಬಾವಿಯ ಹೂಳೆತ್ತಿಸಿದರೂ ಅದು ಸದಕಾ ಜಾರಿಯಾ ಆದೀತು.

ಓ ಅಲ್ಲಾಹ್, ನೀನು ಇಳಿಸಿದ ನೀರಿಗೆ ಕೃತಜ್ಞರಾಗಿರುವವರಲ್ಲಿ ನಮ್ಮನ್ನು ಸೇರಿಸು. ನಮ್ಮ ಬಾವಿಗಳನ್ನು ಉಪ್ಪಿನಿಂದಲೂ ನಮ್ಮ ಮನಸ್ಸುಗಳನ್ನು ಜಿಪುಣತನದಿಂದಲೂ ಕಾಪಾಡು. ಬಾಯಾರಿದ ಯಾರೂ ನಮ್ಮ ಬಾಗಿಲಿನಿಂದ ಬರಿಗೈಯಲ್ಲಿ ಮರಳದಂತೆ ಮಾಡು. ದೂರದ ನಾಡುಗಳಲ್ಲಿ ದುಡಿಯುವ ನಮ್ಮವರನ್ನು ಕ್ಷೇಮವಾಗಿಡು. ಪುನರುತ್ಥಾನ ದಿನದಂದು ನಿನ್ನ ಪ್ರವಾದಿ(ಸ)ರ ಕೈಯಿಂದ ಕೌಸರ್‌ನ ನೀರು ಕುಡಿಯುವ ಭಾಗ್ಯವನ್ನು ನಮಗೆ ಕರುಣಿಸು. ಆಮೀನ್.